ವಿಜ್ಞಾನ ಸಂಘವೋ, ವ್ಯವಹಾರ ಸಂಘವೋ?

ವಾರಕ್ಕೆ ಒಂದೇ ಅವಧಿ ಬಿಡುವಿರುವ ಪ್ರೌಢಶಾಲಾ ವಿದ್ಯಾರ್ಥಿಯು ಯಾವ ಸಂಘಕ್ಕೆ ಸೇರಬೇಕು ಎಂಬ ಪ್ರಶ್ನೆ ಶಿರಸಿಯ ಪಾಲಕರಲ್ಲಿ ಏಳುವುದು ಸಹಜ. ವಿಜ್ಞಾನ ಸಂಘವು ಪ್ರಯೋಗದ ಶಿಸ್ತನ್ನು ಕಲಿಸುತ್ತದೆ. ಪಿಯುಸಿಯಲ್ಲಿ ವಿಜ್ಞಾನ ಓದುವುದು ಖಚಿತವಾಗಿದ್ದರೆ ಅದೇ ಸರಿ.

ವ್ಯವಹಾರ ಅಧ್ಯಯನವಾದರೋ ಸಮಾಜ ವಿಜ್ಞಾನದ ಪುಸ್ತಕದೊಳಗಿನ ಕೆಲವು ಪಾಠಗಳಷ್ಟೇ. ಅದನ್ನು ಕೈಯಾರೆ ಮಾಡಿ ನೋಡಲು ವ್ಯವಹಾರ ಮತ್ತು ಮಾರುಕಟ್ಟೆ ಸಂಘವೇ ಬೇಕು. ಮಕ್ಕಳ ಸಂತೆಯಲ್ಲಿ ಮುರುಗಲ ಪಾನಕ ಮಾರುವ ತಂಡವೊಂದನ್ನು ಊಹಿಸಿಕೊಳ್ಳಿ. ಸಕ್ಕರೆ, ಹಣ್ಣು, ಲೋಟ ಸೇರಿ 20 ಲೋಟಕ್ಕೆ 160 ರೂಪಾಯಿ ತಗುಲಿದರೆ ಲೋಟಕ್ಕೆ ಬೀಳುವ ಅಸಲು 8 ರೂಪಾಯಿ. 12 ರೂಪಾಯಿಗೆ ಮಾರಿದರೂ ಆರು ಲೋಟ ಉಳಿದುಹೋದರೆ ಕೈಗೆ ಬರುವ ಲಾಭವೂ ಬರೀ 8 ರೂಪಾಯಿ ಎಂಬುದು ಅಂದೇ ಸಂಜೆ ಅವರಿಗೆ ಗೊತ್ತಾಗುತ್ತದೆ. ಪಾನಕ ಏಕೆ ಉಳಿಯಿತು, ದರವೋ, ರುಚಿಯೋ, ಕೂಗಿ ಕರೆಯಲು ಸಂಕೋಚವೋ ಎಂಬ ಚರ್ಚೆಯಲ್ಲಿಯೇ ನಿಜವಾದ ಪಾಠವಿದೆ.

2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಶಿರಸಿ ಅಡಿಕೆಯನ್ನು ಬೆಳೆಯುವ ಮನೆಗಳ ಮಕ್ಕಳಿಗೆ ಟೆಂಡರು, ದರ, ಕಮಿಷನ್ ಎಂಬ ಮಾತುಗಳು ಊಟದ ಹೊತ್ತಿನಲ್ಲೇ ಕಿವಿಗೆ ಬಿದ್ದಿರುತ್ತವೆ. ಅಂಥವರಿಗೂ, ನಾಲ್ಕು ಜನರೆದುರು ಮಾತನಾಡಲು ಹಿಂಜರಿಯುವವರಿಗೂ ನಾನು ವ್ಯವಹಾರ ಸಂಘವನ್ನೇ ಸೂಚಿಸುತ್ತೇನೆ.