ಬೆಂಗಳೂರಿನ ಬಾಡಿಗೆ ಫ್ಲ್ಯಾಟೋ, ತೀರ್ಥಹಳ್ಳಿ ಕಡೆಯ ಹೆಂಚಿನ ಮನೆಯೋ?

ಮನೆಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡುವವರ ಮಟ್ಟಿಗೆ, ಎರಡೂ ಕಡೆ ಇದ್ದು ನೋಡಿದ ಮೇಲೆ, ನನ್ನ ಓಟು ಹಳ್ಳಿಗೇ. ಆದರೆ ಹಳ್ಳಿ ಚೆಂದ ಎನ್ನುವವರು ಹೆಚ್ಚಿನಂಶ ಮಂಜು, ಹಸಿರು, ಒಳ್ಳೆಯ ಗಾಳಿ ಎಂದು ಹೇಳಿ ಮುಗಿಸಿಬಿಡುತ್ತಾರೆ. ಜುಲೈ ಕೊನೆಯ ಪುಷ್ಯ ಮಳೆ ಹಿಡಿದು ಹೊಯ್ಯುವಾಗ, ಬೆಳಗ್ಗೆ ಹನ್ನೊಂದಕ್ಕೆ ಮೀಟಿಂಗ್ ಇದ್ದು, ಹಿಂದಿನ ರಾತ್ರಿಯಿಂದ ಕರೆಂಟಿಲ್ಲದಿದ್ದರೆ ಏನು ಮಾಡಬೇಕು? ಹಳ್ಳಿಗೆ ಹೋದವರಲ್ಲಿ ಎಷ್ಟೋ ಜನ ಒಂದೇ ಮಳೆಗಾಲಕ್ಕೆ ವಾಪಸ್ ಬರುವುದು ಇದೊಂದೇ ಕಾರಣಕ್ಕೆ. ಅದಕ್ಕೇ ಇಲ್ಲಿ ಕರೆಂಟು ಮತ್ತು ನೆಟ್ ವಿಷಯ ಉದ್ದಕ್ಕಿದೆ, ಉಳಿದದ್ದು ಚಿಕ್ಕದಾಗಿದೆ.

ದುಡ್ಡಿನ ಲೆಕ್ಕ ಮೊದಲು ಮುಗಿಸೋಣ. ಬೆಂಗಳೂರಿನ ಹೊರ ವರ್ತುಲ ರಸ್ತೆಯ ಆಸುಪಾಸಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ 30 ಸಾವಿರವೋ ಅದಕ್ಕಿಂತ ಹೆಚ್ಚೋ ಬಾಡಿಗೆ, ಮೇಲೆ ಮೇಂಟೆನೆನ್ಸ್, ಜೊತೆಗೆ ಐದಾರು ತಿಂಗಳಿಂದ ಹತ್ತು ತಿಂಗಳವರೆಗಿನ ಅಡ್ವಾನ್ಸ್. ಖಾಲಿ ಮಾಡುವಾಗ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಅಲ್ಲಿನ ರೂಢಿ. ತೀರ್ಥಹಳ್ಳಿ, ಕೊಪ್ಪ, ಹೊಸನಗರದ ಕಡೆ ಮಕ್ಕಳೆಲ್ಲ ಊರು ಬಿಟ್ಟು ಬೀಗ ಬಿದ್ದ ಹೆಂಚಿನ ಮನೆಗಳಿವೆ. ಐದಾರು ಸಾವಿರಕ್ಕೆ ಸಿಗುತ್ತವೆ. ಮನೆ ಪಾಳು ಬೀಳದಿದ್ದರೆ ಸಾಕು ಎಂದು ಅದಕ್ಕಿಂತ ಕಡಿಮೆಗೆ ಕೊಡುವವರೂ ಇದ್ದಾರೆ. ಇವಕ್ಕೆ ಜಾಹೀರಾತು ಇರುವುದಿಲ್ಲ. ಹಾಲಿನ ಡೇರಿಯಲ್ಲಿ, ಸೊಸೈಟಿಯಲ್ಲಿ, ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕೇಳಿಕೊಂಡು ಹೋಗಬೇಕು. ಉಳಿಯುವ ದುಡ್ಡನ್ನು ಮಾತ್ರ ಪೂರ್ತಿ ಉಳಿತಾಯ ಎಂದುಕೊಳ್ಳಬೇಡಿ. ಮೊದಲ ವರ್ಷ 50ರಿಂದ 60 ಸಾವಿರ ಕರೆಂಟು ಮತ್ತು ನೆಟ್ಟಿನ ವ್ಯವಸ್ಥೆಗೇ ಬೇಕು, ಪೆಟ್ರೋಲ್ ಖರ್ಚು ಬೇರೆ.

ನೀರಿನಲ್ಲಿ ಹಳ್ಳಿ ಸುಲಭವಾಗಿ ಗೆಲ್ಲುತ್ತದೆ. ಬೆಂಗಳೂರಿಗೆ ಕಾವೇರಿ ನೀರು ಬರಬೇಕಾದರೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಮೂರು ಹಂತದಲ್ಲಿ ಪಂಪು ಮಾಡಿ ಮೇಲೆತ್ತಬೇಕು. 2024ರ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೇ ಹಂತ ಶುರುವಾದ ಮೇಲೂ ಹೊರವಲಯದ ಎಷ್ಟೋ ಅಪಾರ್ಟ್‌ಮೆಂಟುಗಳು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರನ್ನೇ ನಂಬಿವೆ. ಆ ಗಡಸು ನೀರು ಗೀಸರ್ ಕಾಯಿಲ್ ಮೇಲೆ ಬಿಳಿ ಚಕ್ಕೆ ಕಟ್ಟುತ್ತದೆ, ನಲ್ಲಿಯ ಜಾಲರಿ ಮುಚ್ಚುತ್ತದೆ. ಮಲೆನಾಡಿನಲ್ಲಿ ಬಾವಿ, ಇಲ್ಲವಾದರೆ ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ನೀರು. ಅಬ್ಬಿ ನೀರು ನಿಂತರೆ ಸಾಮಾನ್ಯವಾಗಿ ಕಾರಣ ಎರಡೇ: ಪೈಪಿನ ಬಾಯಲ್ಲಿ ಎಲೆ ಕಟ್ಟಿರುತ್ತದೆ, ಇಲ್ಲವೇ ಪೈಪಿನ ಏರಿನಲ್ಲಿ ಗಾಳಿ ತುಂಬಿರುತ್ತದೆ. ಪೈಪು ಎಲ್ಲಿ ಏರಿ ಇಳಿಯುತ್ತದೋ ಅಲ್ಲಿ ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಸಣ್ಣ ವಾಲ್ವ್ ಕೂರಿಸಿ. ಗಾಳಿ ಬಿಟ್ಟ ಕೂಡಲೇ ನೀರು ಹರಿಯುತ್ತದೆ.

ಈಗ ಕರೆಂಟು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕರೆಂಟು ಹೋದರೆ ಕೆಳಗೆ ಜನರೇಟರ್ ಶುರುವಾಗುತ್ತದೆ, ಮೇಂಟೆನೆನ್ಸಿನಲ್ಲೇ ಅದರ ಖರ್ಚು ಸೇರಿರುತ್ತದೆ. ಅಲ್ಲಿಗೆ ಮುಗಿಯಿತು. ಮಲೆನಾಡಿನಲ್ಲಿ ವರ್ಷಕ್ಕೆ ಮೂರು ಥರದ ಕಾಟ, ಮೂರಕ್ಕೂ ಮದ್ದು ಬೇರೆ ಬೇರೆ. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಸಿಡಿಲು. ಅದೇ ಸಿಡಿಲು ಹಸ್ತ, ಚಿತ್ತೆಯಲ್ಲಿ (ಸೆಪ್ಟೆಂಬರ್ ಕೊನೆ, ಅಕ್ಟೋಬರ್) ಇನ್ನೊಮ್ಮೆ. ಆರಿದ್ರೆಯಿಂದ ಆಶ್ಲೇಷದವರೆಗೆ (ಜೂನ್ ಕೊನೆಯಿಂದ ಆಗಸ್ಟ್ ಮಧ್ಯ) ಸಿಡಿಲು ಕಡಿಮೆ, ಗಾಳಿಗೆ ಮರ ಬಿದ್ದು ಲೈನ್ ಹರಿಯುವುದೇ ಜಾಸ್ತಿ. ಫೆಬ್ರವರಿ ನಂತರ ತೋಟಕ್ಕೆ ನೀರು ಬಿಡುವ ಕಾಲಕ್ಕೆ ಪಂಪುಗಳೆಲ್ಲ ಒಟ್ಟಿಗೆ ಓಡಿ ಡಿಮ್ ಕರೆಂಟು.

ಡಿಮ್ ಕರೆಂಟಿಗೆ ಹೆಚ್ಚಿನವರು ಸ್ಟೆಬಿಲೈಸರ್ ತರುತ್ತಾರೆ. ಲ್ಯಾಪ್‌ಟಾಪಿಗೆ ಅದು ಬೇಡವೇ ಬೇಡ, ಅದರ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೂ ಕೆಲಸ ಮಾಡುತ್ತದೆ. ನಿಜವಾದ ಕಿರಿಕಿರಿ ಇನ್ವರ್ಟರಿನದು. ಬಹಳಷ್ಟು ಇನ್ವರ್ಟರುಗಳ ಹಿಂಭಾಗದಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ: ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ವೈಡ್. ಅಂಗಡಿಯವರು ಕಂಪ್ಯೂಟರ್ ಇದೆ ಎಂದು ಕೇಳಿದ ಕೂಡಲೇ ಯುಪಿಎಸ್‌ಗೆ ಹಾಕಿ ಹೋಗುತ್ತಾರೆ. ಆ ಮೋಡಿನಲ್ಲಿ ಸಾಮಾನ್ಯವಾಗಿ 180 ವೋಲ್ಟ್‌ಗಿಂತ ಕೆಳಗೆ ಬಂದರೆ ಇನ್ವರ್ಟರ್ ಕರೆಂಟು ಹೋಯಿತೆಂದೇ ತಿಳಿಯುತ್ತದೆ. ಲೈನಿನಲ್ಲಿ 165 ವೋಲ್ಟ್ ಬರುತ್ತಲೇ ಇರುತ್ತದೆ, ಬಲ್ಬು ಮಂಕಾಗಿ ಉರಿಯುತ್ತಿರುತ್ತದೆ, ಇನ್ವರ್ಟರ್ ಮಾತ್ರ ಬ್ಯಾಟರಿಯನ್ನು ಖಾಲಿ ಮಾಡುತ್ತಾ ಕೂತಿರುತ್ತದೆ. ಚಾರ್ಜೂ ಆಗುವುದಿಲ್ಲ. ಸಂಜೆ ಹೊತ್ತಿಗೆ ಕರೆಂಟು ನಿಜವಾಗಿಯೂ ಹೋದಾಗ ಬ್ಯಾಟರಿಯಲ್ಲಿ ಏನೂ ಉಳಿದಿರುವುದಿಲ್ಲ. ಸ್ವಿಚ್ಚನ್ನು ನಾರ್ಮಲ್‌ಗೆ ತಳ್ಳಿದರೆ ಸುಮಾರು 100 ವೋಲ್ಟ್‌ವರೆಗೂ ಲೈನನ್ನೇ ಬಳಸುತ್ತದೆ, ನಿಧಾನಕ್ಕಾದರೂ ಚಾರ್ಜ್ ಆಗುತ್ತದೆ. ಬದಲಾಗುವಾಗ ಒಂದು ಕ್ಷಣ ಕಂಪ್ಯೂಟರ್ ಆಫ್ ಆಗಬಹುದು ಎಂಬ ಭಯ ಡೆಸ್ಕ್‌ಟಾಪಿಗೆ ಸರಿ; ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇದೆ.

ಮಳೆಗಾಲದ ಉದ್ದನೆ ಕಡಿತದಲ್ಲಿ ಎಲ್ಲರೂ ಎಷ್ಟು ಗಂಟೆ ಬ್ಯಾಕಪ್ ಬರುತ್ತದೆ ಎಂದು ಕೇಳುತ್ತಾರೆ. ಕೇಳಬೇಕಾದದ್ದು ಚಾರ್ಜ್ ಆಗಲು ಎಷ್ಟು ಗಂಟೆ ಬೇಕು ಎಂದು. 12 ವೋಲ್ಟಿನ 150 ಎಎಚ್ (ಆಂಪಿಯರ್-ಗಂಟೆ) ಟ್ಯೂಬುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಗಂಟೆ. ಪೂರ್ತಿ ಇಳಿಸಬಾರದು, ಇನ್ವರ್ಟರಿನಲ್ಲಿಯೂ ಸೋರುತ್ತದೆ. ಕೈಗೆ ಸಿಗುವುದು 1200ರ ಹತ್ತಿರ. ಲ್ಯಾಪ್‌ಟಾಪ್ 60, ಮಾನಿಟರ್ 25, ನೆಟ್ಟಿನ ಪೆಟ್ಟಿಗೆ (ರೂಟರ್) 10, ಮೂರು ಎಲ್‌ಇಡಿ ಬಲ್ಬು 27, ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಫ್ಯಾನು 30 ವ್ಯಾಟ್: ಒಟ್ಟು 150ರ ಸುತ್ತ, ಎಂಟು ಗಂಟೆ ಬರುತ್ತದೆ. ಒಂದು ದಿನಕ್ಕೆ ಧಾರಾಳ. ಆದರೆ ಇದು ಮತ್ತೆ ತುಂಬಲು 10ರಿಂದ 12 ಗಂಟೆ ಕರೆಂಟು ಬೇಕು. ದಿನಕ್ಕೆ ನಾಲ್ಕೇ ಗಂಟೆ ಬಂದರೆ ಎರಡು-ಮೂರನೇ ದಿನಕ್ಕೇ ಬ್ಯಾಟರಿ ಮುಗಿದು ಇನ್ವರ್ಟರ್ ಬೀಪ್ ಎನ್ನುತ್ತದೆ. ಎರಡನೇ ಬ್ಯಾಟರಿ ತಂದರೂ ಫಲವಿಲ್ಲ, ತುಂಬುವ ಕರೆಂಟು ಅಷ್ಟೇ ತಾನೇ. ಆಷಾಢದ ಮೋಡದಲ್ಲಿ ಸೋಲಾರ್ ಪ್ಯಾನೆಲ್ಲೂ ಅದರ ಶಕ್ತಿಯ ಸಣ್ಣ ಪಾಲನ್ನಷ್ಟೇ ಕೊಡುತ್ತದೆ.

ಹಾಗಾಗಿ ದಾರಿ ಒಂದೇ, ಲೋಡ್ ಇಳಿಸುವುದು. ಕರೆಂಟು ಹೋದ ಕೂಡಲೇ ಮಾನಿಟರ್ ಆಫ್. ಮಳೆಗಾಲದಲ್ಲಿ ಫ್ಯಾನು ಹೇಗೂ ಬೇಡ. ನೆಟ್ಟಿನ ಪೆಟ್ಟಿಗೆಗೆ 12 ವೋಲ್ಟಿನ ಪ್ರತ್ಯೇಕ ಪುಟ್ಟ ಡಿಸಿ ಯುಪಿಎಸ್, ಎರಡು ಸಾವಿರದೊಳಗೆ ಸಿಗುತ್ತದೆ. ಪೆಟ್ಟಿಗೆಯ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ನೋಡಿಯೇ ತನ್ನಿ. ಲ್ಯಾಪ್‌ಟಾಪನ್ನು ಅದರ ಬ್ಯಾಟರಿ ಇಳಿಯುವವರೆಗೆ ಇನ್ವರ್ಟರಿಗೆ ಚುಚ್ಚಬೇಡಿ. ಇಷ್ಟು ಮಾಡಿದರೆ ಇನ್ವರ್ಟರಿನ ಮೇಲಿನ ಭಾರ ಅರ್ಧಕ್ಕಿಂತ ಕೆಳಗಿಳಿದು, ದಿನಕ್ಕೆ ಐದಾರು ಗಂಟೆ ಕರೆಂಟು ಬಂದರೂ ವಾರ ತಳ್ಳಬಹುದು. ಇನ್ವರ್ಟರ್ ಸೈನ್ ವೇವ್‌ನದ್ದೇ (ಲೈನ್ ಕರೆಂಟಿನಂಥದ್ದೇ ಕರೆಂಟು ಕೊಡುವಂಥದ್ದು) ಇರಲಿ. ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಮಾತ್ರ; ಬಾವಿ ನೀರು ಎಷ್ಟು ತಿಳಿಯಾಗಿದ್ದರೂ ಹಾಕಬೇಡಿ. ಟರ್ಮಿನಲ್ ಮೇಲೆ ಹಸಿರು-ಬಿಳಿ ಪುಡಿ ಕಟ್ಟಿದರೆ ಬಿಸಿನೀರಲ್ಲಿ ತೊಳೆದು, ಒರೆಸಿ, ವ್ಯಾಸಲೀನ್ ಹಚ್ಚಿ.

ಸಿಡಿಲಿಗೆ ಮೊದಲ ಮದ್ದು ಪ್ಲಗ್ ಕಿತ್ತಿಡುವುದು. ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ವಿಚ್ಚಿನೊಳಗಿನ ಕೆಲವೇ ಮಿಲಿಮೀಟರ್ ಸಂದನ್ನು ಸಿಡಿಲು ಸುಲಭವಾಗಿ ಹಾರುತ್ತದೆ. ಎರಡನೆಯದು ಮೇನ್ ಬೋರ್ಡಿನಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್, ಅಂದರೆ ಲೈನಿನಲ್ಲಿ ನುಗ್ಗಿ ಬರುವ ಹೆಚ್ಚಿನ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ. ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ಗೋಡೆಗೆ ಶೋಭೆ ಅಷ್ಟೇ. ಜಂಬಿಟ್ಟಿಗೆ ನೆಲ ಮಾರ್ಚ್ ಹೊತ್ತಿಗೆ ಒಣಗಿ ಗಟ್ಟಿಯಾಗುತ್ತದೆ, ಹಳೆಯ ಅರ್ಥಿಂಗ್ ಕೆಲಸ ಮಾಡುವುದನ್ನು ನಿಲ್ಲಿಸುವುದು ಸಿಡಿಲು ಶುರುವಾಗುವ ಆ ಕಾಲಕ್ಕೇ. ಎಂಟು-ಹತ್ತು ಅಡಿ ಗುಂಡಿ, ನಡುವೆ ಜಿಐ ಪೈಪು, ಸುತ್ತ ಇದ್ದಿಲು ಮತ್ತು ಉಪ್ಪಿನ ಪದರ, ಮೇಲಿಂದ ನೀರು ಹೊಯ್ಯಲು ಬಾಯಿ. ಬಚ್ಚಲ ನೀರು ಹರಿಯುವ ಕಡೆ ಗುಂಡಿ ತೆಗೆಸಿದರೆ ಬೇಸಗೆಯಲ್ಲೂ ತೇವ ಇರುತ್ತದೆ. ಎಲೆಕ್ಟ್ರಿಷಿಯನ್ ಹತ್ತಿರ ಅರ್ಥ್ ಟೆಸ್ಟರ್ ಇದ್ದರೆ 5 ಓಮ್ ಒಳಗೆ ಬರುವವರೆಗೆ ಬಿಡಬೇಡಿ.

ಫೈಬರ್ ಗಾಜಿನದು, ಅದರಲ್ಲಿ ಸಿಡಿಲು ಬರುವುದಿಲ್ಲ ಎನ್ನುವ ಮಾತು ಅರ್ಧ ಸತ್ಯ. ಕಂಬದಿಂದ ಮನೆಗೆ ಎಳೆಯುವ ಕೇಬಲ್ಲಿನ ಜೊತೆ ಬಲಕ್ಕಾಗಿ ಒಂದು ಉಕ್ಕಿನ ತಂತಿ ಇರುವುದುಂಟು. ಕೆಲಸಗಾರರು ಅವಸರದಲ್ಲಿ ಅದನ್ನೂ ಸೇರಿಸಿಯೇ ಮನೆಯೊಳಗೆ ತರುತ್ತಾರೆ. ಆ ತಂತಿಯನ್ನು ಹೊರಗಿನ ಕೊಕ್ಕೆಗೆ ಕಟ್ಟಿ ಅಲ್ಲೇ ಕತ್ತರಿಸಬೇಕು, ಒಳಗೆ ಬರುವುದು ಫೈಬರ್ ಇರುವ ಮೆತ್ತನೆ ಕೇಬಲ್ ಮಾತ್ರ. ಕೇಬಲ್ಲನ್ನು ಅಡಿಕೆ ಮರದಿಂದ ಮರಕ್ಕೆ ಬಿಗಿಯಾಗಿ ಎಳೆಯಲು ಬಿಡಬೇಡಿ. ಗಾಳಿಗೆ ಅಡಿಕೆ ಮರ ಅಡ್ಡಾಡುತ್ತದೆ, ಮೇಲಿಂದ ಹೆಡಲು (ಅಡಿಕೆಯ ಒಣ ಸೋಗೆ) ಬಿದ್ದು ಜಗ್ಗುತ್ತದೆ. ಮನೆಯ ಹತ್ತಿರ ನಾಲ್ಕೈದು ಮೀಟರ್ ಸುರುಳಿ ಬಿಡಿಸಿ. ಹರಿದಾಗ ಜೋಡಿಸಲು ಅದೇ ಬೇಕು.

ನೆಟ್ ಹೋದಾಗ ದೂರು ಕೊಡುವ ಮೊದಲು ಪೆಟ್ಟಿಗೆಯ ದೀಪ ನೋಡಿ. ಎಲ್‌ಓಎಸ್ ಕೆಂಪಾಗಿ ಮಿನುಗಿದರೆ ಬೆಳಕೇ ಬರುತ್ತಿಲ್ಲ: ಕೇಬಲ್ ಹರಿದಿದೆ, ಇಲ್ಲವೇ ನೆಟ್ ಕೊಡುವವರ ಎಕ್ಸ್‌ಚೇಂಜಿನ ಬ್ಯಾಟರಿಯೇ ಮುಗಿದಿದೆ. ಪಕ್ಕದ ಮನೆಯಲ್ಲೂ ಹಾಗೇ ಇದ್ದರೆ ಎಕ್ಸ್‌ಚೇಂಜ್ ಅಥವಾ ಎಲ್ಲರಿಗೂ ಬರುವ ಮುಖ್ಯ ಕೇಬಲ್, ನಿಮ್ಮಲ್ಲಿ ಮಾತ್ರವಾದರೆ ನಿಮ್ಮ ಕೇಬಲ್. ಪಿಓಎನ್ ಎಂಬ ದೀಪ ಹಸಿರಾಗಿ ನಿಂತಿದ್ದೂ ನೆಟ್ ತಡವರಿಸಿದರೆ ಬ್ರೌಸರಿನಲ್ಲಿ ಪೆಟ್ಟಿಗೆಯ ಪುಟ ತೆರೆದು (ಸಾಮಾನ್ಯವಾಗಿ 192.168.1.1) ಬೆಳಕಿನ ಮಟ್ಟ (Rx ಪವರ್, ಡಿಬಿಎಂ ಲೆಕ್ಕದಲ್ಲಿ) ನೋಡಿ. ಮೈನಸ್ 20ರ ಆಸುಪಾಸು ಚೆನ್ನ, ಮೈನಸ್ 27 ದಾಟಿದರೆ ಕಡಿದುಕಡಿದು ಬರುತ್ತದೆ. ಪ್ರತಿ ಮಳೆಗಾಲ ಎರಡು ಜೋಡಣೆ ಹೆಚ್ಚಾಗುತ್ತಾ ಹೋದಂತೆ ಈ ಅಂಕಿ ಕೆಳಗಿಳಿಯುತ್ತದೆ. ಅಂಕಿ ಹೇಳಿ ದೂರು ಕೊಟ್ಟರೆ ಬರುವವರು ಜೋಡಿಸುವ ಯಂತ್ರ ಹಿಡಿದೇ ಬರುತ್ತಾರೆ, ಒಂದು ದಿನ ಉಳಿಯುತ್ತದೆ. ಎರಡನೇ ದಾರಿಯಾಗಿ ಬೇರೆ ಕಂಪನಿಯ ಸಿಮ್ ಇರಲಿ, ಅದು ಬೇರೆ ಟವರಿನದಾಗಿರಲಿ. ಒಂದೇ ಟವರಿನಲ್ಲಿ ಎರಡು ಕಂಪನಿ ಇದ್ದರೆ ಬ್ಯಾಟರಿ ಮುಗಿದಾಗ ಎರಡೂ ಒಟ್ಟಿಗೆ ಹೋಗುತ್ತವೆ.

ತೇವದ ವಿಷಯ ಬೆಂಗಳೂರಿನವರಿಗೆ ಅಂದಾಜೇ ಸಿಗುವುದಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ 1000 ಮಿಲಿಮೀಟರಿನ ಹತ್ತಿರ ಮಳೆ, ಆಗುಂಬೆಯಲ್ಲಿ 7000 ದಾಟುತ್ತದೆ. ಚರ್ಮದ ಬೆಲ್ಟು, ಕ್ಯಾಮೆರಾ ಲೆನ್ಸು, ರಟ್ಟಿನ ಪುಸ್ತಕ ಎಲ್ಲಕ್ಕೂ ಬೂಸ್ಟು. ಬಟ್ಟೆಯನ್ನು ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿ ಒಣಗಿಸಬೇಕು, ಹೊಗೆಯ ವಾಸನೆ ಜೊತೆಗೇ ಬರುತ್ತದೆ. ಎಲೆಕ್ಟ್ರಾನಿಕ್ ಸಾಮಾನನ್ನು ದಿನಾ ಸ್ವಲ್ಪ ಹೊತ್ತು ಓಡಿಸಿ; ಬೀರುವಿನಲ್ಲಿಟ್ಟ ಹಳೆಯ ಲ್ಯಾಪ್‌ಟಾಪೇ ಮೊದಲು ಕೆಡುವುದು.

ಆಸ್ಪತ್ರೆಯಲ್ಲಿ ಬೆಂಗಳೂರು ಗೆಲ್ಲುತ್ತದೆ, ಇದರಲ್ಲಿ ವಾದವೇ ಇಲ್ಲ. ತೀರ್ಥಹಳ್ಳಿಯಿಂದ ದೊಡ್ಡ ಆಸ್ಪತ್ರೆಗೆ ಶಿವಮೊಗ್ಗ ಸುಮಾರು 60 ಕಿಲೋಮೀಟರ್, ಇಲ್ಲವಾದರೆ ಆಗುಂಬೆ ಘಾಟಿ ಇಳಿದು ಮಣಿಪಾಲ. ಮನೆಯಲ್ಲಿ ಹೃದಯದ ಕಾಯಿಲೆಯವರೋ ಡಯಾಲಿಸಿಸ್ ಬೇಕಾದವರೋ ಇದ್ದರೆ ಹಳ್ಳಿಯ ಯೋಚನೆ ಬಿಡಿ. ಬೇಸಗೆಯಲ್ಲಿ ಕಾಡಿನಂಚಿಗೆ ಹೋಗುವಾಗ ಮಂಗನ ಕಾಯಿಲೆಯ ಉಣುಗಿನಿಂದ ಎಚ್ಚರ: ಆರೋಗ್ಯ ಕೇಂದ್ರದಲ್ಲಿ ಕೊಡುವ ತೈಲ ಹಚ್ಚಿಕೊಳ್ಳಿ, ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಿ.

ಊಟದಲ್ಲಿ ಹಳ್ಳಿ. ಹತ್ತು ನಿಮಿಷಕ್ಕೆ ಮನೆ ಬಾಗಿಲಿಗೆ ಸಾಮಾನು ಬರುವುದಿಲ್ಲ ನಿಜ, ಆದರೆ ಮಳೆಗಾಲದ ಕಳಲೆ, ಕೆಸುವಿನೆಲೆಯ ಪತ್ರೊಡೆ, ಬೇಸಗೆಯ ಹಲಸು ಬೆಂಗಳೂರಿನ ಯಾವ ಆ್ಯಪಿನಲ್ಲೂ ಆ ರುಚಿಯಲ್ಲಿ ಸಿಗುವುದಿಲ್ಲ. ಹೊಸಬರಿಗೆ ಒಂದು ಮಾತು: ಕಳಲೆಯನ್ನು ಹೆಚ್ಚಿದ ದಿನವೇ ಬೇಯಿಸಬೇಡಿ, ದಿನಾ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ ವಿಷದಂಶ ಹೋದ ಮೇಲೆ ಬೇಯಿಸಿ.

ಜನ. ಬೆಂಗಳೂರಿನಲ್ಲಿ ಯಾರೂ ನಿಮ್ಮನ್ನು ಕೇಳುವುದಿಲ್ಲ. ಕೆಲವರಿಗೆ ಅದೇ ಬೇಕು. ಹಳ್ಳಿಯಲ್ಲಿ ಮದುವೆ, ಸತ್ಯನಾರಾಯಣ ಕಥೆ, ವೈಕುಂಠ ಸಮಾರಾಧನೆ ಎಲ್ಲಕ್ಕೂ ಕರೆ ಬರುತ್ತದೆ, ಹೋಗದಿದ್ದರೆ ಬೇಸರವಾಗುತ್ತದೆ. ಕೆಲಸದ ದಿನವಾದರೆ ಊಟದ ಹೊತ್ತಿಗೆ ಹೋಗಿ, ಎಲೆ ಹಾಕಿದಲ್ಲಿ ಕೂತು ಉಂಡು ಬಂದರೆ ಸಾಕು. ಮರ ಬಿದ್ದು ರಸ್ತೆ ಕಟ್ಟಿದ ದಿನ ಕತ್ತಿ ಹಿಡಿದು ಬರುವವರು ಇವರೇ. ನನಗೆ ಹಳ್ಳಿ ಮೇಲೆನಿಸುವುದರಲ್ಲಿ ಇದರ ಪಾಲು ದೊಡ್ಡದು.

ಆಫೀಸಿಗೆ ತಿಂಗಳಿಗೊಮ್ಮೆ ಮುಖ ತೋರಿಸಿದರೆ ಸಾಕಾಗುವ, ಮನೆಯಲ್ಲೇ ಅಡುಗೆ ಮಾಡಿಕೊಳ್ಳುವ, ಸಂಜೆ ಎಂಟಕ್ಕೆ ಊರು ಮಲಗಿದರೆ ಬೇಜಾರಾಗದ ನನ್ನಂಥವರಿಗೆ ಹಳ್ಳಿಯೇ ಸರಿ. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಮೆಜೆಸ್ಟಿಕ್. ವಾರಕ್ಕೆ ಮೂರು ದಿನ ಆಫೀಸಿದ್ದರೆ, ಅಥವಾ ಮಕ್ಕಳು ಪಿಯುಸಿ ಹಂತದಲ್ಲಿದ್ದರೆ ಬೆಂಗಳೂರೇ ಇರಲಿ. ಹೊರಡುವುದೆಂದು ಗಟ್ಟಿ ಮಾಡಿದವರು ಮನೆ ನೋಡಲು ಡಿಸೆಂಬರಿನ ಬಿಸಿಲಲ್ಲಿ ಹೋಗಬೇಡಿ. ಜುಲೈನಲ್ಲಿ ಹೋಗಿ ಹೆಂಚು ಎಲ್ಲಿ ಸೋರುತ್ತದೆ, ಯಾವ ಗೋಡೆ ಬೆವರುತ್ತದೆ ನೋಡಿ. ಮಾರ್ಚಿನಲ್ಲಿ ಇನ್ನೊಮ್ಮೆ ಹೋಗಿ, ಪಂಪುಗಳು ಓಡುವ ಹೊತ್ತಿಗೆ ಪ್ಲಗ್ ಪಾಯಿಂಟಿಗೆ ಮಲ್ಟಿಮೀಟರ್ ಹಚ್ಚಿ ವೋಲ್ಟೇಜ್ ಅಳೆಯಿರಿ. 140ಕ್ಕಿಂತ ಕೆಳಗೆ ತೋರಿಸಿದರೆ ಬೇರೆ ಮನೆ ಹುಡುಕಿ. ಅದಕ್ಕಿಂತ ಮೇಲಿದ್ದರೆ ಅಡ್ವಾನ್ಸ್ ಕೊಟ್ಟು, ಅರ್ಥಿಂಗ್ ಗುಂಡಿಯ ಕೆಲಸವನ್ನು ಅಶ್ವಿನಿ ಮಳೆಗೆ ಮೊದಲೇ ಮುಗಿಸಿಕೊಳ್ಳಿ.