ಸ್ವೆಲ್ ಪೇಪರ್ ಮತ್ತು ಹೀಟರ್: ಎಲ್ಲ ಗೆರೆಗೂ ಒಂದೇ ಎತ್ತರ

ಸ್ವೆಲ್ ಪೇಪರ್ ಎಂಬ ವಿಶೇಷ ಕಾಗದದ ಮೇಲೆ ಚಿತ್ರ ಮೂಡಿಸಿ ಹೀಟರ್ ಯಂತ್ರದೊಳಗೆ ಬಿಟ್ಟರೆ, ಕಪ್ಪು ಶಾಯಿ ಶಾಖ ಹೀರಿ ಅಷ್ಟು ಜಾಗದ ಕಾಗದ ಉಬ್ಬುತ್ತದೆ ಎಂಬುದನ್ನು ಮಾರುವವರೇ ಹೇಳಿರುತ್ತಾರೆ. ಉಬ್ಬಿದ್ದೆಲ್ಲ ಒಂದೇ ಎತ್ತರಕ್ಕೆ ನಿಲ್ಲುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ನಾನು ದೃಷ್ಟಿಯಿಲ್ಲದ ಸಮಾಜ ವಿಜ್ಞಾನ ಶಿಕ್ಷಕ. ವರ್ಷಗಳಿಂದ ಮಕ್ಕಳಿಗೆ ಇದರಲ್ಲೇ ಸ್ಪರ್ಶ ನಕ್ಷೆ, ಅಂದರೆ ಬೆರಳಿನಿಂದ ಮುಟ್ಟಿ ಓದುವ ನಕ್ಷೆ, ಮಾಡಿಕೊಡುತ್ತಿದ್ದೇನೆ. ಈ ಒಂದು ಕೊರತೆಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಮಂತ್ರಾಲಯದ ಬಳಿ ತುಂಗಭದ್ರೆಯೇ ರಾಜ್ಯದ ಗಡಿ. ಅಲ್ಲಿಗೆ ಬಂದ ಬೆರಳಿಗೆ ನದಿ ಯಾವುದು, ಗಡಿ ಯಾವುದು ಎಂದು ತಿಳಿಯುವುದೇ ಇಲ್ಲ. ಹಿಂದೆ ರಟ್ಟಿನ ಮೇಲೆ ಗಡಿಗೆ ದಪ್ಪ ಹುರಿ, ನದಿಗೆ ಹೊಲಿಗೆ ದಾರ ಅಂಟಿಸುತ್ತಿದ್ದೆವು. ಆಗ ಈ ಗೊಂದಲವಿರಲಿಲ್ಲ. ಈಗ ಗಡಿಗೆ ಚುಕ್ಕೆಸಾಲು, ನದಿಗೆ ತುಂಡಾಗದ ಗೆರೆ, ನಡುವೆ ಕನಿಷ್ಠ 3 ಮಿ.ಮೀ. ಖಾಲಿ ಜಾಗ. ಅದೂ ಸಾಲದೆ ನದಿಗಳಿಗೆ ಒಂದು, ಜಿಲ್ಲೆಗಳಿಗೆ ಒಂದು ಎಂದು ಎರಡು ಹಾಳೆ ಮಾಡಿದೆವು. ಒಂದು ಹಾಳೆಯ ಬೆಲೆಗೆ ಒಳ್ಳೆಯ ನೋಟ್‌ಬುಕ್ಕೇ ಬರುತ್ತದೆ. ಸರ್ಕಾರಿ ಅನುದಾನದ ಶಾಲೆಗೆ ಇದು ಸಣ್ಣ ಮಾತಲ್ಲ.

ಹೆಸರುಗಳ ಪಾಡು ಬೇರೆ. ಬ್ರೈಲ್‌ನಲ್ಲಿ ‘ಚಿಕ್ಕಮಗಳೂರು’ ಬರೆಯಲು ಆರು ಸೆಂ.ಮೀ.ಗೂ ಹೆಚ್ಚು ಬೇಕು. ಬರೆದರೆ ಪಕ್ಕದ ಹಾಸನವೇ ಮುಚ್ಚಿಹೋಗುತ್ತದೆ. ಆದ್ದರಿಂದ ನಕ್ಷೆಯಲ್ಲಿ ಎರಡಕ್ಷರದ ಸಂಕೇತ, ವಿವರಣೆ ಬೇರೆ ಹಾಳೆಯಲ್ಲಿ.

ಇಷ್ಟಾದರೂ ಹೀಟರ್ ಬಿಡಲು ಮನಸ್ಸಿಲ್ಲ. ಸಹೋದ್ಯೋಗಿ ನಕ್ಷೆ ಬಿಡಿಸಿ, ಸ್ವೆಲ್ ಪೇಪರ್ ಮೇಲೆ ಜೆರಾಕ್ಸ್ ತೆಗೆದು, ಹಾಳೆಯನ್ನು ಹೀಟರ್ ಒಳಗೆ ಬಿಡುತ್ತಾರೆ. ಬೆಚ್ಚಗೆ ಹೊರಬಂದದ್ದನ್ನು ಅವರು ಮೊದಲು ನನ್ನ ಕೈಗೇ ಕೊಡಬೇಕು, ಅದು ನಮ್ಮ ನಿಯಮ. ಹಾಳೆಯ ದಿಕ್ಕು ತಿಳಿಯಲೆಂದು ಕತ್ತರಿಸಿದ ಮೂಲೆಯನ್ನು ಬಲಕ್ಕೆ, ಮೇಲಕ್ಕೆ ಹಿಡಿದು, ಎರಡೂ ಅಂಗೈಯಿಂದ ಇಡೀ ರಾಜ್ಯವನ್ನು ಒಮ್ಮೆ ಸವರುತ್ತೇನೆ. ಆಮೇಲೆ ತೋರುಬೆರಳು ಕಾರವಾರದಿಂದ ಮಂಗಳೂರಿನವರೆಗೆ ಕರಾವಳಿ ಹಿಡಿದು ಇಳಿಯುತ್ತದೆ. ಕಾಳಿ ನದಿ ಸಮುದ್ರ ಮುಟ್ಟದೆ ನಿಂತಿದ್ದರೆ ಹೇಳುತ್ತೇನೆ. ಚಹಾ ಮುಗಿಯುವಷ್ಟರಲ್ಲಿ ತಿದ್ದಿದ ಪ್ರತಿ ಬರುತ್ತದೆ. ದಾರದ ನಕ್ಷೆ ತರಗತಿಗೆ ಒಂದೇ ಇತ್ತು, ಹಿಂದಿನ ಬೆಂಚಿಗೆ ತಲುಪುವಾಗ ಗಂಟೆ ಹೊಡೆಯುತ್ತಿತ್ತು. ಈಗ ಮಕ್ಕಳು ತಮ್ಮ ತಮ್ಮ ಹಾಳೆ ಮನೆಗೆ ಒಯ್ದು, ತಮ್ಮ ಊರು ಎಲ್ಲಿದೆಯೆಂದು ಅಪ್ಪ ಅಮ್ಮನಿಗೆ ತೋರಿಸುತ್ತಾರೆ. ಇದಕ್ಕಾಗಿ ನಾನು ಆ ಬೆಲೆ ಒಪ್ಪುತ್ತೇನೆ.

ಕೊಳ್ಳುವವರು ಇಂಕ್‌ಜೆಟ್ ಶಾಯಿಯನ್ನು ಮೊದಲು ಅರ್ಧ ಹಾಳೆಯಲ್ಲಿ ಪರೀಕ್ಷಿಸಿ. ಇಂಗಾಲವಿಲ್ಲದ ಕಪ್ಪು ಸರಿಯಾಗಿ ಉಬ್ಬದಿರಬಹುದು. ಹಳೆಯ ರಟ್ಟಿನ ನಕ್ಷೆಗಳನ್ನು ಎಸೆಯಬೇಡಿ. ಪಶ್ಚಿಮ ಘಟ್ಟದ ಏರಿಳಿತ ಕಲಿಸಲು ನನಗೆ ಇವತ್ತಿಗೂ ಅವೇ ಬೇಕು.