ಆಂಟ್ರಾನ್ 99 ಬೇಸ್ ಆಂಟೆನಾ: ಹಲವು ವರ್ಷಗಳ ಬಳಕೆಯ ನಂತರ

ಸಾಮಾನ್ಯ ಜನರು ಪರಸ್ಪರ ಮಾತನಾಡಲು ಬಳಸುವ ಸಿಬಿ (ಸಿಟಿಜನ್ಸ್ ಬ್ಯಾಂಡ್) ರೇಡಿಯೋವನ್ನು ಮನೆಯಲ್ಲಿ ಮೊದಲ ಬಾರಿಗೆ ಹೂಡುತ್ತಿರುವವರು ಕಡಿಮೆ ಖರ್ಚಿನ ಬೇಸ್ ಆಂಟೆನಾ, ಅಂದರೆ ಮನೆಯಲ್ಲಿ ಸ್ಥಿರವಾಗಿ ನಿಲ್ಲಿಸುವ ಆಂಟೆನಾ, ಯಾವುದೆಂದು ಕೇಳಿದರೆ, ನಾನು ಹಲವು ವರ್ಷಗಳಿಂದ ಬಳಸುತ್ತಿರುವ ಸೋಲಾರ್ಕಾನ್ ಕಂಪನಿಯ ಆಂಟ್ರಾನ್ 99 ಅನ್ನೇ ಹೇಳುತ್ತೇನೆ. ಎ-99 ಎಂದೂ ಕರೆಯಲಾಗುವ ಇದು ಸುಮಾರು ಹದಿನೇಳೂವರೆ ಅಡಿ ಉದ್ದದ, ಮೂರು ತುಂಡುಗಳನ್ನು ತಿರುಪಿ ಜೋಡಿಸುವ ಫೈಬರ್‌ಗ್ಲಾಸ್ ಕೋಲು. ನಾನು ಕೊಂಡಾಗ ಇದರ ಬೆಲೆ ನೂರು ಡಾಲರಿನ ಆಸುಪಾಸಿನಲ್ಲಿತ್ತು. ಕೊಳ್ಳುವ ಮುನ್ನ ತಿಳಿದಿರಬೇಕಾದ ಮುಖ್ಯ ಮಾತೊಂದಿದೆ: ಆಂಟೆನಾದ ಬೆಲೆಗೆ ಸಮನಾದ ಮೊತ್ತವನ್ನು ಕಂಬ, ಕೇಬಲ್ ಮತ್ತು ಅರ್ಥಿಂಗ್‌ಗಾಗಿ ತೆಗೆದಿಡಲು ಸಿದ್ಧರಿಲ್ಲದಿದ್ದರೆ ಇದಾಗಲಿ, ಇದರ ಎರಡರಷ್ಟು ಬೆಲೆಯದಾಗಲಿ ಪೂರ್ತಿ ಫಲ ಕೊಡುವುದಿಲ್ಲ. ಈ ವಿಮರ್ಶೆಯ ಬಹುಭಾಗ ಅದನ್ನೇ ಕುರಿತದ್ದು.

ನನ್ನ ಮನೆ ಇರುವುದು ಅಮೆರಿಕದ ಇಲಿನಾಯ್ ರಾಜ್ಯದ ನಡುಭಾಗದಲ್ಲಿ, ಬ್ಲೂಮಿಂಗ್ಟನ್-ನಾರ್ಮಲ್ ಅವಳಿ ಊರುಗಳ ಹೊರವಲಯದಲ್ಲಿ. ಸುತ್ತಲೂ ಮೆಕ್ಕೆಜೋಳ ಮತ್ತು ಸೋಯಾ ಅವರೆಯ ಹೊಲಗಳು, ಕಣ್ಣು ಹಾಯುವಷ್ಟೂ ಸಮತಟ್ಟಾದ ನೆಲ. 55, 74 ಮತ್ತು 39ನೆಯ ಸಂಖ್ಯೆಯ ಅಂತರರಾಜ್ಯ ಹೆದ್ದಾರಿಗಳು ಇಲ್ಲಿ ಕೂಡುವುದರಿಂದ, ಲಾರಿ ಚಾಲಕರು ಬಳಸುವ 19ನೆಯ ಚಾನೆಲ್‌ನಲ್ಲಿ ಇಂದಿಗೂ ಮಾತು ಕೇಳಿಬರುತ್ತದೆ. ಹಿಮ ಬೀಳುವ ದಿನಗಳಲ್ಲಿ ಯಾವ ಹೆದ್ದಾರಿಯಲ್ಲಿ ವಾಹನಗಳು ನಿಂತಿವೆ, ಎಲ್ಲಿ ಮಂಜು ಗಟ್ಟಿಯಾಗಿ ಜಾರುತ್ತಿದೆ ಎಂಬುದನ್ನು ಅವರಿಂದಲೇ ತಿಳಿದುಕೊಂಡು ಮನೆಯವರನ್ನು ಎಚ್ಚರಿಸುವುದು ನನಗೆ ಈ ರೇಡಿಯೋದ ಮೊದಲ ಉಪಯೋಗ. ಇಲ್ಲಿ ನಾನು ಹೇಳುವ ನಿಯಮಗಳೆಲ್ಲ ಅಮೆರಿಕಕ್ಕೆ ಸಂಬಂಧಿಸಿದವು. ಭಾರತದಲ್ಲಿ ಈ ತರಂಗಪಟ್ಟಿಯ ವ್ಯಾಪ್ತಿಯೂ ಷರತ್ತುಗಳೂ ಬೇರೆಯಾಗಿರುವುದರಿಂದ, ಅಲ್ಲಿರುವ ಓದುಗರು ಈ ಅಳತೆಗಳನ್ನು ಹಾಗೆಯೇ ಅನುಸರಿಸಬಾರದು.

ಅಮೆರಿಕದ ಸಂಪರ್ಕ ಆಯೋಗವಾದ ಎಫ್‌ಸಿಸಿ ಸಿಬಿಗೆ 26.965ರಿಂದ 27.405 ಮೆಗಾಹರ್ಟ್ಸ್‌ವರೆಗೆ 40 ಚಾನೆಲ್‌ಗಳನ್ನು ಕೊಟ್ಟಿದೆ. ವೈಯಕ್ತಿಕ ಪರವಾನಗಿ ಬೇಕಿಲ್ಲ. ದನಿ ಕಳುಹಿಸುವ ವಿಧಾನಗಳ ಪೈಕಿ ಎಎಂನಲ್ಲಿ 4 ವ್ಯಾಟ್, ಸಿಂಗಲ್ ಸೈಡ್‌ಬ್ಯಾಂಡ್‌ನಲ್ಲಿ 12 ವ್ಯಾಟ್ ಎಂಬುದು ಶಕ್ತಿಯ ಮಿತಿ. ಶಕ್ತಿ ಹೆಚ್ಚಿಸುವ ಬೂಸ್ಟರ್ ಜೋಡಿಸುವುದು ಕಾನೂನಿಗೆ ವಿರುದ್ಧ. ನಲವತ್ತು ಡಾಲರಿನ ರೇಡಿಯೋ ಆಗಲಿ ಮುನ್ನೂರು ಡಾಲರಿನದಾಗಲಿ ಎಎಂನಲ್ಲಿ ಹೊರಗೆ ಕಳುಹಿಸುವ ಶಕ್ತಿ ಅದೇ 4 ವ್ಯಾಟ್ ಆಗಿರುವುದರಿಂದ, ನಮ್ಮ ದನಿ ಎಷ್ಟು ದೂರ ಹೋಗುತ್ತದೆಂಬುದನ್ನು ನಿರ್ಧರಿಸುವುದು ಆಂಟೆನಾ ಮತ್ತು ಅದು ನಿಂತಿರುವ ಜಾಗ. ಹೊಸಬರು ದುಬಾರಿ ರೇಡಿಯೋ ಕೊಂಡು, ಉಳಿದ ಚಿಲ್ಲರೆಯಲ್ಲಿ ಆಂಟೆನಾ ಹುಡುಕುವುದನ್ನು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ರೇಡಿಯೋ ಹಳೆಯದನ್ನು ಕೊಂಡರೂ ನಡೆಯುತ್ತದೆ.

ಆಂಟೆನಾ ಆರಿಸುವಾಗ ಮೊದಲು ಕಣ್ಣಿಗೆ ಬೀಳುವುದು ಪೆಟ್ಟಿಗೆಯ ಮೇಲಿನ ಗೇನ್ ಎಂಬ ಅಂಕಿ, ಅಂದರೆ ಆಂಟೆನಾ ಶಕ್ತಿಯನ್ನು ಬೇಕಾದ ದಿಕ್ಕಿಗೆ ಎಷ್ಟು ಒಟ್ಟುಗೂಡಿಸುತ್ತದೆ ಎಂಬುದರ ಅಳತೆ. ಸಿಬಿ ಆಂಟೆನಾಗಳ ಜಾಹೀರಾತಿನಲ್ಲಿ ಇದನ್ನು 9 ಅಥವಾ 10 ಡೆಸಿಬೆಲ್ ಎಂದು ಮುದ್ರಿಸುವುದುಂಟು. ಈ ಅಂಕಿಯನ್ನು ನೋಡಿ ಕೊಳ್ಳಬೇಡಿ. ಈ ಪಟ್ಟಿಯಲ್ಲಿ ಒಂದು ತರಂಗದ ಉದ್ದ ಸುಮಾರು 11 ಮೀಟರ್. ಆಂಟ್ರಾನ್ 99 ಅರ್ಧ ತರಂಗದ ವರ್ಗಕ್ಕೆ ಸೇರಿದ್ದು, ಅರ್ಧ ತರಂಗದ ನೇರ ಆಂಟೆನಾಕ್ಕೆ ಮುಕ್ತ ಆಕಾಶದಲ್ಲಿ ಸಿಗುವ ಗೇನ್ 2.15 ಡೆಸಿಬೆಲ್. ಇದೇ ಕಂಪನಿಯ ಐಮ್ಯಾಕ್ಸ್ 2000 ಎಂಬ 24 ಅಡಿಯ ಕೋಲು ಎಂಟರಲ್ಲಿ ಐದು ತರಂಗದ ವರ್ಗದ್ದು, ಆ ವರ್ಗಕ್ಕೆ ಸಿದ್ಧಾಂತದಲ್ಲಿ ಸಿಗುವ ಹೆಚ್ಚಳ ಹೆಚ್ಚೆಂದರೆ ಒಂದು ಡೆಸಿಬೆಲಿನಷ್ಟು. ಸಂಕೇತದ ಬಲ ತೋರಿಸುವ ರೇಡಿಯೋದ ಮೀಟರಿನಲ್ಲಿ ಒಂದು ಎಸ್ ಅಂಕ ಏರಬೇಕಾದರೆ 6 ಡೆಸಿಬೆಲ್ ಬೇಕು, ಅಂದರೆ ಶಕ್ತಿ ನಾಲ್ಕು ಪಟ್ಟಾಗಬೇಕು. ಒಂದು ಡೆಸಿಬೆಲಿನ ವ್ಯತ್ಯಾಸವನ್ನು ಆಚೆ ಬದಿಯಲ್ಲಿ ಕೇಳುವವರ ಕಿವಿ ಗುರುತಿಸಲಾರದು. ಆರೂವರೆ ಅಡಿ ಹೆಚ್ಚುವರಿ ಉದ್ದವನ್ನು ಗಾಳಿಯಲ್ಲಿ ನಿಲ್ಲಿಸುವ ಕಷ್ಟವನ್ನು ಲೆಕ್ಕ ಹಾಕಿದರೆ, ಹೊಸಬರಿಗೆ ಚಿಕ್ಕದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಆ 6 ಡೆಸಿಬೆಲ್ ನಿಜವಾಗಿ ಸಿಗುವುದು ಎತ್ತರದಿಂದ. ಸಮತಟ್ಟಾದ ನೆಲದಲ್ಲಿ ಆಂಟೆನಾದ ಎತ್ತರವನ್ನು ಇಮ್ಮಡಿಗೊಳಿಸಿದರೆ ದೂರದ ಕೇಳುಗನಿಗೆ ತಲುಪುವ ಸಂಕೇತ ಸುಮಾರು 6 ಡೆಸಿಬೆಲ್‌ವರೆಗೆ ಹೆಚ್ಚಬಲ್ಲದು. ನನ್ನ ಆಂಟೆನಾ ಮೊದಲು ಹಿತ್ತಿಲಿನ ಹನ್ನೆರಡು ಅಡಿಯ ಕಬ್ಬಿಣದ ಪೈಪಿನ ಮೇಲಿತ್ತು. ಆಗ ಹೆದ್ದಾರಿಯ ಲಾರಿಗಳೊಂದಿಗೆ ಏಳೆಂಟು ಮೈಲಿಯವರೆಗೆ ಸ್ಪಷ್ಟವಾಗಿ ಮಾತನಾಡಲು ಸಾಧ್ಯವಾಗುತ್ತಿತ್ತು. ನಂತರ ಮನೆಯ ಪಕ್ಕದ ಗೋಡೆಗೆ ಬ್ರಾಕೆಟ್ ಹಾಕಿ, ನೆಲದಿಂದಲೇ ಎದ್ದ ಇಪ್ಪತ್ತೇಳು ಅಡಿಯ ಕಂಬಕ್ಕೆ ಅದೇ ಆಂಟೆನಾವನ್ನು ಏರಿಸಿದೆ. ರೇಡಿಯೋ, ಆಂಟೆನಾ ಯಾವುದನ್ನೂ ಬದಲಿಸದೆ ಆ ಮಾತುಕತೆ ಹದಿನೈದು ಮೈಲಿ ದಾಟಿತು, ಪಕ್ಕದ ಊರುಗಳಲ್ಲಿ ಮನೆಯ ಮೇಲೆ ಆಂಟೆನಾ ಇಟ್ಟುಕೊಂಡವರು ಅದಕ್ಕಿಂತ ದೂರದಿಂದಲೂ ಸಿಗತೊಡಗಿದರು. ಗುಡ್ಡಗಾಡಿನಲ್ಲಿ ಲೆಕ್ಕ ಬೇರೆಯಾದೀತು. ಎಫ್‌ಸಿಸಿ ನಿಯಮದ ಪ್ರಕಾರ ಆಂಟೆನಾದ ತುದಿ ನೆಲದಿಂದ 60 ಅಡಿ ಮೀರಬಾರದು, ಅಥವಾ ಅದನ್ನು ಕೂರಿಸಿದ ಕಟ್ಟಡ ಇಲ್ಲವೇ ಮರದ ತುದಿಯಿಂದ 20 ಅಡಿ ಮೀರಬಾರದು. ನನ್ನದರ ತುದಿ 45 ಅಡಿಯೊಳಗೇ ಇರುವುದರಿಂದ ತೊಂದರೆಯಿಲ್ಲ. ವಿಮಾನ ನಿಲ್ದಾಣದ ಬಳಿ ಇರುವವರಿಗೆ ಇನ್ನೂ ಬಿಗಿಯಾದ ಮಿತಿಗಳಿವೆ.

ಕಂಬ ಎತ್ತುವ ಮೊದಲು ತಲೆಯೆತ್ತಿ ವಿದ್ಯುತ್ ತಂತಿಗಳನ್ನು ನೋಡಿಕೊಳ್ಳಬೇಕು. ಇದನ್ನು ಔಪಚಾರಿಕ ಎಚ್ಚರಿಕೆಯೆಂದು ಓದಿ ಮುಂದೆ ಹೋಗಬೇಡಿ. 1970ರ ದಶಕದಲ್ಲಿ ಸಿಬಿ ಮನೆಮನೆಗೆ ಹಬ್ಬಿದಾಗ, ಲೋಹದ ಆಂಟೆನಾವನ್ನು ಎತ್ತುವಾಗಲೋ ಇಳಿಸುವಾಗಲೋ ತಂತಿಗೆ ತಗುಲಿ ಸತ್ತವರು ಅನೇಕರು. ಆ ಸಾವುಗಳ ಕಾರಣದಿಂದಲೇ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಎಲ್ಲ ದಿಕ್ಕಿಗೂ ಪ್ರಸಾರ ಮಾಡುವ ಸಿಬಿ ಬೇಸ್ ಆಂಟೆನಾಗಳಿಗೆ ಒಂದು ಕಡ್ಡಾಯ ಮಾನದಂಡವನ್ನು ತಂದಿತು. ಅದು 1983ರಲ್ಲಿ ಜಾರಿಗೆ ಬಂದಿತು. 14,500 ವೋಲ್ಟಿನ ತಂತಿಗೆ ತಗುಲಿದರೂ ಹಿಡಿದವರ ಮೈಯಲ್ಲಿ ಅಪಾಯಕರ ಪ್ರಮಾಣದ ವಿದ್ಯುತ್ ಹರಿಯದಂತೆ ನಿರೋಧಕ ಹೊದಿಕೆ ಇರಬೇಕೆಂಬುದು ಅದರ ತಿರುಳು. ಹೊದಿಕೆ ಆಂಟೆನಾಕ್ಕೆ ಇದ್ದರೂ ಕೆಳಗಿನ ಪೈಪು ಲೋಹದ್ದೇ ಎಂಬುದನ್ನು ಮರೆಯಬಾರದು. ಕಂಬ ಮತ್ತು ಆಂಟೆನಾ ಸೇರಿದ ಒಟ್ಟು ಉದ್ದದ ಎರಡರಷ್ಟು ದೂರದಲ್ಲಿ ಯಾವ ವಿದ್ಯುತ್ ತಂತಿಯೂ ಇಲ್ಲದ ಜಾಗವನ್ನೇ ಆರಿಸಿಕೊಳ್ಳಿ. ಎತ್ತುವಾಗ ಜೊತೆಗೆ ಇನ್ನಿಬ್ಬರಿರಲಿ, ಗಾಳಿಯಿಲ್ಲದ ದಿನವಾಗಿರಲಿ.

ಕೇಬಲಿನ ಬಗ್ಗೆ ಕೊಡುವ ಸಲಹೆಗಳಲ್ಲಿ ಶಕ್ತಿನಷ್ಟದ ಮಾತೇ ಹೆಚ್ಚು. ತೆಳ್ಳಗಿನ ಆರ್‌ಜಿ-58 ಕೇಬಲ್ ನೂರು ಅಡಿಗೆ ಎರಡು ಡೆಸಿಬೆಲಿಗಿಂತ ಸ್ವಲ್ಪ ಹೆಚ್ಚು ನುಂಗುತ್ತದೆ, ದಪ್ಪನೆಯ ಎಲ್‌ಎಂಆರ್-400 ಒಂದು ಡೆಸಿಬೆಲಿಗಿಂತ ಕಡಿಮೆ. ಆದರೆ ಸಾಮಾನ್ಯ ಮನೆಯಲ್ಲಿ ಬೇಕಾಗುವುದು ಐವತ್ತು ಅರವತ್ತು ಅಡಿ, ಅಷ್ಟಕ್ಕೆ ಆ ಎರಡರ ನಡುವಿನ ವ್ಯತ್ಯಾಸ ಒಂದು ಡೆಸಿಬೆಲಿನ ಆಚೀಚೆ, ಅದು ಕಿವಿಗೆ ತಿಳಿಯುವಂಥದ್ದಲ್ಲ. ಹಣ ಕೊಡಬೇಕಾದದ್ದು ಕೇಬಲಿನ ಹೆಣಿಗೆಯ ದಟ್ಟತೆಗೆ ಮತ್ತು ನೀರು ಒಳಹೋಗದ ಜೋಡಣೆಗೆ. ನಾನು ಮೊದಲು ತರಿಸಿದ್ದ ಅಗ್ಗದ ಸಿದ್ಧ ಕೇಬಲಿನ ಕನೆಕ್ಟರಿನಲ್ಲಿ ಬೆಸುಗೆ ಸರಿಯಿರಲಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನೀರು ಒಳಗಿಳಿದು ತಾಮ್ರದ ಹೆಣಿಗೆ ಕಪ್ಪಾಗಿತ್ತು. ವಿಚಿತ್ರವೆಂದರೆ ಹಾಗೆ ಹಾಳಾದ ಕೇಬಲ್ ರೇಡಿಯೋ ಬದಿಯ ಮೀಟರಿನಲ್ಲಿ ಒಳ್ಳೆಯ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಶಕ್ತಿ ಹಿಂದಿರುಗುತ್ತಿದೆ ಎಂಬುದರ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) ತೋರಿಸುತ್ತದೆ, ಏಕೆಂದರೆ ಹಿಂದಿರುಗಬೇಕಾದ ಶಕ್ತಿಯೂ ದಾರಿಯಲ್ಲೇ ಬಿಸಿಯಾಗಿ ಕಳೆದುಹೋಗಿರುತ್ತದೆ. ಈಗ ನನ್ನಲ್ಲಿರುವುದು ಮಧ್ಯಮ ದಪ್ಪದ ಆರ್‌ಜಿ-8ಎಕ್ಸ್. ಮೇಲಿನ ಜೋಡಣೆಗೆ ಒಂದಕ್ಕೊಂದು ಬೆಸೆದುಕೊಳ್ಳುವ ರಬ್ಬರ್ ಟೇಪು, ಅದರ ಮೇಲೆ ಒಳ್ಳೆಯ ದರ್ಜೆಯ ವಿನೈಲ್ ಟೇಪು ಸುತ್ತಿದ್ದೇನೆ. ಮನೆಯೊಳಗೆ ಬರುವ ಮುಂಚೆ ಕೇಬಲನ್ನು ಕೆಳಕ್ಕೆ ಬಾಗಿಸಿ ಮೇಲೆತ್ತಿರುವುದರಿಂದ ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಆಂಟ್ರಾನ್ 99ರ ಬುಡದಲ್ಲಿ ಹೊಂದಾಣಿಕೆಗಾಗಿ ಎರಡು ಬಳೆಗಳಿವೆ. ಅವನ್ನು ಮೇಲೆ ಕೆಳಗೆ ತಿರುಗಿಸಿ 1, 20 ಮತ್ತು 40ನೆಯ ಚಾನೆಲ್‌ಗಳಲ್ಲಿ ಎಸ್‌ಡಬ್ಲ್ಯುಆರ್ ಅಳೆದು, ಮೂರರಲ್ಲೂ 1.5ಕ್ಕಿಂತ ಕಡಿಮೆ ಬಂದರೆ ಕೈ ತೆಗೆಯಬಹುದು. 1.5ರಲ್ಲಿ ಹಿಂದಿರುಗುವ ಶಕ್ತಿ ಶೇಕಡಾ 4 ಮಾತ್ರ, 2ರಲ್ಲಿ ಶೇಕಡಾ 11. ಅದನ್ನು 1.1ಕ್ಕೆ ಇಳಿಸಲು ಮತ್ತೆ ಮತ್ತೆ ಏಣಿ ಹತ್ತುವುದರಲ್ಲಿ ಅರ್ಥವಿಲ್ಲ.

ಈ ವರ್ಗದ ಆಂಟೆನಾಗಳಿಗೆಲ್ಲ ಸಾಮಾನ್ಯವಾದ ಒಂದು ಸ್ವಭಾವವನ್ನು ಇಲ್ಲಿ ವಿವರವಾಗಿ ಹೇಳಬೇಕು. ಬುಡದಿಂದ ಶಕ್ತಿ ಪಡೆಯುವ, ಅಡ್ಡ ಕಡ್ಡಿಗಳಿಲ್ಲದ ಕೋಲಿಗೆ ವಿದ್ಯುತ್ತಿನ ಇನ್ನೊಂದು ಕಾಲನ್ನು ಊರಲು ಏನಾದರೂ ಬೇಕಾಗುತ್ತದೆ. ಬೇರೇನೂ ಸಿಗದಿದ್ದರೆ ಅದು ಕೇಬಲಿನ ಹೊರಮೈಯನ್ನೇ ಬಳಸಿಕೊಳ್ಳುತ್ತದೆ. ಆಗ ಕೇಬಲ್ ಸಹ ಆಂಟೆನಾದ ಭಾಗವಾಗಿ, ಮನೆಯೊಳಗಿನ ಸ್ಪೀಕರುಗಳಲ್ಲಿ ನಮ್ಮ ದನಿ ಕೇಳಿಸುವುದು, ಮೈಕ್ ಮುಟ್ಟಿದಾಗ ಎಸ್‌ಡಬ್ಲ್ಯುಆರ್ ಬದಲಾಗುವುದು, ಕಂಪ್ಯೂಟರ್ ಮತ್ತು ಚಾರ್ಜರುಗಳ ಗದ್ದಲ ರೇಡಿಯೋಗೆ ನುಗ್ಗುವುದು ಶುರುವಾಗುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ. ಬುಡದಿಂದ ಹೊರಚಾಚುವ, ಪ್ರತ್ಯೇಕವಾಗಿ ಮಾರುವ ಗ್ರೌಂಡ್ ಪ್ಲೇನ್ ಕಡ್ಡಿಗಳನ್ನು ಜೋಡಿಸಬಹುದು. ಇಲ್ಲವೇ ಆಂಟೆನಾದ ಬುಡದ ಬಳಿ ಕೇಬಲಿನ ಮೇಲೆ 31 ಎಂಬ ಮಿಶ್ರಣದ ಫೆರೈಟ್ ಬಳೆಗಳನ್ನು ಹಾಕಿ, ಹೊರಮೈಯಲ್ಲಿ ಹರಿಯುವ ಆ ವಿದ್ಯುತ್ತನ್ನು ತಡೆಯುವ ಚೋಕ್ ಮಾಡಬಹುದು. ಅದೂ ಬೇಡವಾದರೆ ಅಂಗೈಗಿಂತ ಸ್ವಲ್ಪ ಅಗಲದ ಸುರುಳಿಯಾಗಿ ಕೇಬಲನ್ನೇ ಆರೆಂಟು ಸುತ್ತು ಸುತ್ತಿ ಕಟ್ಟಿದರೂ ಸಾಕಷ್ಟು ಗುಣ ಸಿಗುತ್ತದೆ. ನಾನು ಮೊದಲ ದಿನದಿಂದಲೇ ಫೆರೈಟ್ ಹಾಕಿಕೊಂಡಿದ್ದೇನೆ. ಅಕ್ಕಪಕ್ಕದ ಮನೆಗಳಿಂದ ಈವರೆಗೆ ದೂರು ಬಂದಿಲ್ಲ.

ಅರ್ಥಿಂಗ್ ವಿಷಯದಲ್ಲಿ ಉಳಿತಾಯ ಸಲ್ಲದು. ಇಲಿನಾಯ್‌ನಲ್ಲಿ ವಸಂತದಿಂದ ಬೇಸಿಗೆಯ ಕೊನೆಯವರೆಗೆ ಗುಡುಗು ಮಳೆಯ ಕಾಲ. ಎಂಟು ಅಡಿಯ ತಾಮ್ರಲೇಪಿತ ಸಲಾಕೆಯನ್ನು ನೆಲಕ್ಕಿಳಿಸಿ, ಕಂಬವನ್ನೂ ಕೇಬಲಿನ ಮಿಂಚುನಿರೋಧಕವನ್ನೂ ಅದಕ್ಕೆ ಜೋಡಿಸಿ, ಆ ಸಲಾಕೆಯನ್ನು ಮನೆಯ ವಿದ್ಯುತ್ ಅರ್ಥಿಂಗ್‌ಗೆ 6ನೆಯ ಗೇಜಿನ ತಾಮ್ರದ ತಂತಿಯಿಂದ ಕಟ್ಟಬೇಕು. ಎರಡು ಅರ್ಥಿಂಗ್‌ಗಳನ್ನು ಬೇರೆ ಬೇರೆಯಾಗಿ ಬಿಟ್ಟರೆ ಮಿಂಚಿನ ವೇಳೆ ಅವುಗಳ ನಡುವಿನ ವೋಲ್ಟೇಜ್ ವ್ಯತ್ಯಾಸ ಮನೆಯೊಳಗಿನ ಉಪಕರಣಗಳ ಮೂಲಕವೇ ಹರಿಯುತ್ತದೆ. ಇಷ್ಟೆಲ್ಲ ಇದ್ದರೂ ನೇರ ಸಿಡಿಲಿಗೆ ಇದು ರಕ್ಷಣೆಯಲ್ಲ. ಮೋಡ ಕವಿದಾಗ ಕೇಬಲನ್ನು ರೇಡಿಯೋದಿಂದ ಕಳಚಿ ಕಿಟಕಿಯಾಚೆ ಇಡುವುದು ನಮ್ಮ ಮನೆಯ ಪದ್ಧತಿ.

ನೂರು ಡಾಲರೂ ಹೆಚ್ಚೆನಿಸುವವರಿಗೆ, ವಿಶೇಷವಾಗಿ ವಿದ್ಯಾರ್ಥಿಗಳಿಗೆ, ತಂತಿಯ ಡೈಪೋಲ್ ಇದೆ. ಎಂಟು ಅಡಿ ಏಳು ಅಂಗುಲದ ಎರಡು ತಾಮ್ರದ ತಂತಿಗಳನ್ನು ಕೇಬಲಿನ ನಡುತಂತಿಗೊಂದು, ಹೊರಹೆಣಿಗೆಗೊಂದು ಬೆಸೆದು ಮರದ ಕೊಂಬೆಯಿಂದ ನೇರವಾಗಿ ಇಳಿಬಿಡಬೇಕು, ಕೇಬಲನ್ನು ಸಾಧ್ಯವಾದಷ್ಟು ದೂರ ಅಡ್ಡವಾಗಿಯೇ ಒಯ್ಯಬೇಕು. ತಂತಿಯನ್ನು ಅಡ್ಡಲಾಗಿ ಕಟ್ಟಿದರೆ ಲಾರಿಗಳ ನೆಟ್ಟಗೆ ನಿಂತ ಆಂಟೆನಾಗಳೊಂದಿಗೆ ಹೊಂದಿಕೆಯಾಗದೆ ಸಂಕೇತ ತೀರಾ ಕುಗ್ಗುತ್ತದೆ. ಇನ್ನೊಂದು ದಾರಿ, ವಾಹನಗಳಿಗೆ ಹಾಕುವ 102 ಅಂಗುಲದ ಉಕ್ಕಿನ ಕಡ್ಡಿಯನ್ನು ಕಂಬದ ತುದಿಯಲ್ಲಿ ಕೂರಿಸಿ, ಅಷ್ಟೇ ಉದ್ದದ ಮೂರು ನಾಲ್ಕು ತಂತಿಗಳನ್ನು 45 ಡಿಗ್ರಿ ಇಳಿಜಾರಾಗಿ ಎಳೆಯುವುದು. ಹಾಗೆ ಇಳಿಜಾರು ಮಾಡಿದಾಗ ಅದರ ಇಂಪಿಡೆನ್ಸ್ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) ಕೇಬಲಿನ 50 ಓಮಿಗೆ ಹತ್ತಿರ ಬರುತ್ತದೆ. ಇವೆರಡೂ ಒಂದೇ ಎತ್ತರದಲ್ಲಿದ್ದರೆ ಆಂಟ್ರಾನ್ 99ಕ್ಕಿಂತ ಹೆಚ್ಚು ಹಿಂದೆ ಬೀಳುವುದಿಲ್ಲ. ನಾನು ಕೋಲನ್ನೇ ಉಳಿಸಿಕೊಂಡಿರುವುದು ಅದು ಹಿಮ ಮತ್ತು ಬಯಲು ಗಾಳಿಯನ್ನು ಬಾಗಿ ತಡೆದುಕೊಳ್ಳುತ್ತದೆಂಬ ಕಾರಣಕ್ಕೆ.

ಹೊಸ ಬಡಾವಣೆಗಳಲ್ಲಿ ಮನೆ ಕೊಂಡಿರುವ ನಮ್ಮವರು ಆಂಟೆನಾ ತರಿಸುವ ಮೊದಲು ಬಡಾವಣೆಯ ಸಂಘದ ಕರಾರುಪತ್ರ ಓದುವುದು ಒಳಿತು. ಟಿವಿ ಆಂಟೆನಾ ಮತ್ತು ಚಿಕ್ಕ ಡಿಶ್‌ಗಳನ್ನು ಸಂಘಗಳು ತಡೆಯಬಾರದೆಂಬ ಎಫ್‌ಸಿಸಿ ನಿಯಮ ಸಿಬಿ ಆಂಟೆನಾಕ್ಕೆ ಅನ್ವಯಿಸುವುದಿಲ್ಲ. ಅಂಥ ಕಡೆ ಮರದೊಳಗೆ ಮರೆಯಾಗುವ ತಂತಿಯನ್ನು ಕಟ್ಟಲೂ ಸಂಘದ ಒಪ್ಪಿಗೆ ಕೇಳುವುದೇ ಸರಿ.

ಫೈಬರ್‌ಗ್ಲಾಸ್ ಯಾವುದೇ ಆದರೂ ಬಿಸಿಲಿಗೆ ವರ್ಷಗಟ್ಟಲೆ ಒಡ್ಡಿಕೊಂಡರೆ ಮೇಲಿನ ರಾಳ ಸವೆದು ಸೂಕ್ಷ್ಮ ಎಳೆಗಳು ಹೊರಬರುತ್ತವೆ, ಬರಿಗೈಯಲ್ಲಿ ಹಿಡಿದರೆ ಚರ್ಮಕ್ಕೆ ಚುಚ್ಚಿಕೊಳ್ಳುತ್ತವೆ. ಏರಿಸುವ ಮೊದಲೇ ಲೋಹದ ಪುಡಿಯಿಲ್ಲದ, ನೇರಳಾತೀತ ಕಿರಣ ತಡೆಯುವ ಪಾರದರ್ಶಕ ಬಣ್ಣವನ್ನು ಎರಡು ಸಲ ಹೊಡೆದರೆ ಆಯುಷ್ಯ ಹೆಚ್ಚುತ್ತದೆ. ಇಳಿಸುವಾಗ ಚರ್ಮದ ಕೈಗವಸು ಬೇಕು. ಪ್ರತಿ ವರ್ಷ ಚಳಿ ಶುರುವಾಗುವ ಮುನ್ನ ನಾನು ಯು-ಬೋಲ್ಟ್‌ಗಳನ್ನು ಬಿಗಿಗೊಳಿಸಿ, ಟೇಪು ಬಿರಿದಿದೆಯೇ ಎಂದು ನೋಡಿ, ಅದೇ ಮೂರು ಚಾನೆಲ್‌ಗಳಲ್ಲಿ ಎಸ್‌ಡಬ್ಲ್ಯುಆರ್ ಬರೆದಿಡುತ್ತೇನೆ. ಮೊದಲು ಹೊಂದಿಸಿದಾಗ 20ನೆಯ ಚಾನೆಲ್‌ನಲ್ಲಿ 1.3 ಇತ್ತು, ಈಗಲೂ ಅಷ್ಟೇ ಇದೆ.